ಗಾಳಿ ತೆಗೆದ ಮೀನು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ. ನಮ್ಮೂರು ತಮಿಳುನಾಡಿನ ಹೊಸೂರಿಗೂ ರಾಯಕೋಟೆಗೂ ನಡುವೆ, ಬಸ್ಸಿಳಿದು ಒಂದೂವರೆ ಮೈಲಿ ಒಳಗೆ. ಅಲ್ಲಿನ ಶಾಲೆಯಲ್ಲಿ ಕನ್ನಡ ಇದ್ದದ್ದು ಎಂಟನೇ ಕ್ಲಾಸಿನವರೆಗೆ. ಒಂಬತ್ತಕ್ಕೆ ಹೋಗಬೇಕಾದರೆ ತಮಿಳು ಶಾಲೆ. ಹೋದೆ. ಮೊದಲನೇ ದಿನವೇ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಸಾಲು ಬರೆದು ನನ್ನನ್ನು ಎಬ್ಬಿಸಿ ಓದು ಅಂದರು. ತಮಿಳು ಮಾತಾಡುವುದು ನನಗೆ ಆಗಲೂ ಸಲೀಸು, ಈಗಲೂ ಸಲೀಸು. ಓದುವುದು ಮಾತ್ರ ಬಾರದು. ಎದ್ದು ನಿಂತೆ. ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಒಂದು ವಾರದ ಮೇಲೆ ಆ ಮೇಷ್ಟ್ರೇ ಮನೆ ಹುಡುಕಿಕೊಂಡು ಬಂದು, ಒಂದು ತಿಂಗಳಲ್ಲಿ ಕಲಿಸಿಕೊಡುತ್ತೇನೆ ಕಳಿಸಿ ಅಂದರಂತೆ. ನಾನು ಹಿತ್ತಲ ಹುಣಸೇಮರದ ಮೇಲೆ ಕೂತು, ಅವರು ಕಾಫಿ ಕುಡಿದು ಎದ್ದು ಹೋಗುವವರೆಗೂ ಕೆಳಗಿಳಿಯಲಿಲ್ಲ. ಅದೊಂದು ದೊಡ್ಡ ಗೆಲುವೆಂದು ಬಹಳ ವರ್ಷ ಅಂದುಕೊಂಡಿದ್ದೆ.

ಇದೆಲ್ಲ ಈಗ ಏಕೆ ನೆನಪಾಯಿತೆಂದರೆ, ಇವತ್ತು ಬೆಳಿಗ್ಗೆ ಫ್ರಿಜ್ಜಿನ ಮೇಲೆ ಕೈಯಾಡಿಸುವಾಗ ಕಪ್ಪು ಮಾರ್ಕರ್ ಪೆನ್ನು ಸಿಕ್ಕಿತು. ಮುಚ್ಚಳ ಇಲ್ಲದೆ ಒಣಗಿಹೋಗಿತ್ತು. ಅದನ್ನು ಬಿಸಾಡಲು ಕೈ ಎತ್ತಿ, ಹಾಗೇ ನಿಂತುಬಿಟ್ಟೆ. ಮೂರು ತಿಂಗಳು ನನ್ನ ಜೀವವನ್ನು ಹಿಂಡಿದ ಪೆನ್ನು ಅದು.

ನಾನು ಹೊಸೂರಿನ ಪಕ್ಕದ ಜೂಜುವಾಡಿಯಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಟರ್ನರ್. ಮೂವತ್ತು ವರ್ಷದಿಂದ ಲೇಥ್ ಮುಂದೆ ನಿಂತಿದ್ದೇನೆ. ಕೂದಲಿನಷ್ಟು ಹೆಚ್ಚುಕಮ್ಮಿಯಾದರೂ ಬೆರಳಿಗೆ ಗೊತ್ತಾಗುತ್ತದೆ. ಡಿಪ್ಲೊಮಾ ಓದಿ ಬಂದವರು ಡ್ರಾಯಿಂಗ್ ಹಿಡಿದುಕೊಂಡು ನನ್ನ ಹತ್ತಿರ ಕೇಳಲು ಬರುತ್ತಾರೆ. ಹೇಳಿಕೊಳ್ಳಬಾರದು, ಹೇಳಿಕೊಂಡೆ. ಭಾನುವಾರ ಬಂದರೆ ಗಾಳ ಹಿಡಿದು ನಮ್ಮೂರ ಕೆರೆಗೆ ಹೋಗುತ್ತೇನೆ. ಈ ಎರಡನ್ನು ಬಿಟ್ಟರೆ ನನಗೆ ಇರುವ ಇನ್ನೊಂದು ಕೆಲಸ ಹೆದರುವುದು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ, ಗೇಟಿಗೆ ಬೀಗ ಬಿದ್ದಿತೋ ಇಲ್ಲವೋ, ಮಗಳು ಹತ್ತಿದ ಬಸ್ಸಿನ ಡ್ರೈವರಿಗೆ ನಿದ್ದೆ ಸಾಕಾಗಿದೆಯೋ ಇಲ್ಲವೋ. ನನ್ನ ಹೆಂಡತಿ ಜಯಮ್ಮ ಹೇಳುವುದುಂಟು: "ನಿಮ್ಗೆ ಹೆದ್ರೋಕೆ ಏನೂ ಸಿಗ್ದಿದ್ರೆ, ಯಾಕ್ ಸಿಗ್ಲಿಲ್ಲ ಅಂತ ಹೆದ್ರುತೀರಾ ಕಣ್ರೀ."

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಹೆದರಲು ನ್ಯಾಯವಾದ ಕಾರಣವೇ ಸಿಕ್ಕಿತು. ನಮ್ಮ ಒಬ್ಬಳೇ ಮಗಳು ಸುಮಾ ಬಸುರಿ. ಅದಕ್ಕೆ ಎರಡು ವರ್ಷ ಮುಂಚೆ ಒಂದು ಏಳು ತಿಂಗಳಿಗೇ ಕೈಬಿಟ್ಟು ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಈ ಸಲ ಡಾಕ್ಟರು ಕೊಟ್ಟ ಲೆಕ್ಕ ಯುಗಾದಿಗೆ ಹತ್ತು ದಿನ ಮುಂಚೆ.

ನಮ್ಮ ಮನೆಗಳಲ್ಲಿ ಹನ್ನೊಂದನೇ ದಿನದ ನೀರು ಹಾಕಿದ ಮೇಲೆ ಬಾಣಂತಿಗೆ ಕೊರಮೀನಿನ ಸಾರು ಕೊಡುವುದು ಪದ್ಧತಿ. ತಮಿಳಿನವರು ವಿರಾಲ್ ಅನ್ನುತ್ತಾರಲ್ಲ, ಹಾವಿನ ತಲೆಯಂಥ ತಲೆಯ ಕಪ್ಪು ಮೀನು, ಅದೇ. ಮುಳ್ಳು ಕಡಿಮೆ, ಮಾಂಸ ಗಟ್ಟಿ, ಮೈ ಕೂಡಿಕೊಳ್ಳುತ್ತದೆ, ಹಾಲು ಇಳಿಯುತ್ತದೆ ಎಂದು ನಂಬಿಕೆ. ಆ ಮೀನನ್ನು ಒದಗಿಸಬೇಕಾದವನು ಹೆಣ್ಣಿನ ತಂದೆ. ತೊಂದರೆ ಏನೆಂದರೆ, ಕೆರೆಗೆ ಹೊಸ ನೀರು ಬಂದು ಕೊರಮೀನು ಗಾಳಕ್ಕೆ ಬೀಳುವುದು ಕಾರ್ತಿಕದಲ್ಲಿ. ಯುಗಾದಿಯ ಹೊತ್ತಿಗೆ ನಮ್ಮೂರ ಕೆರೆಯಲ್ಲಿ ಇರುವುದು ಬಿರುಕುಬಿಟ್ಟ ಕೆಸರು, ಅದರ ಮೇಲೆ ನಾಲ್ಕು ಎಮ್ಮೆ.

"ಮಾರ್ಕೆಟ್ಟಾಗೆ ಜೀವಂತ ಕೊರಮೀನು ಟಬ್ಬಲ್ಲಿ ಇಟ್ಕೊಂಡು ಮಾರ್ತಾರೆ. ತಂದ್ರಾಯ್ತು," ಅಂದಳು ಜಯಮ್ಮ.

"ಅದು ತೊಟ್ಟಿನಾಗೆ ಸಾಕಿದ್ದು. ಏನ್ ತಿನ್ನಿಸಿರ್ತಾರೋ ಯಾರಿಗೊತ್ತು? ನನ್ ಮಗಳಿಗೆ ನಾನೇ ಹಿಡಿದಿದ್ದು ಕೊಡೋದು," ಅಂದೆ.

ನಮ್ಮ ಅವ್ವನಿಗೆ ಈ ತೊಡಕಿರಲಿಲ್ಲ. ಅವಳು ಮೀನನ್ನು ಬದುಕಿಸಿಯೇ ಇಡುತ್ತಿದ್ದಳು. ಕೊರಮೀನಿಗೆ ನೀರೊಂದೇ ಸಾಲದು, ಆಗಾಗ ಮೇಲೆ ಬಂದು ನಮ್ಮ ಹಾಗೆ ಗಾಳಿ ಎಳೆದುಕೊಳ್ಳುತ್ತದೆ. ಅದಕ್ಕೇ ಸ್ವಲ್ಪ ನೀರಿನಲ್ಲೂ ವಾರಗಟ್ಟಲೆ ಬದುಕುತ್ತದೆ. ನಮ್ಮ ಅಕ್ಕನ ಬಾಣಂತನಕ್ಕೆ ಅವ್ವ ಕೊಟ್ಟಿಗೆಯ ಕಲ್ಲುತೊಟ್ಟಿಯಲ್ಲಿ ಐದು ಕೊರಮೀನು ಬಿಟ್ಟಿದ್ದಳು. ಮೇಲೆ ಹಲಗೆ, ಹಲಗೆಯ ಮೇಲೆ ರುಬ್ಬುಗುಂಡು. ದಿನಾ ಬೆಳಿಗ್ಗೆ ಹಲಗೆ ಸರಿಸಿ ಎಣಿಸುವ ಕೆಲಸ ನನ್ನದು. ಆಗ ನನಗೆ ಏಳು ವರ್ಷ. ಒಂದು ಬೆಳಿಗ್ಗೆ ಎಣಿಸಿದ ಮೇಲೆ ಹಲಗೆ ಮುಚ್ಚಲು ಮರೆತು ಗೋಲಿ ಆಡಲು ಹೋದೆ. ವಾಪಸ್ಸು ಬಂದಾಗ ನಾಲ್ಕು. ಒಂದು ಹಾರಿ ಹೊರಬಿದ್ದು, ಅಂಗಳದ ಧೂಳಿನಲ್ಲಿ ಹರಿದುಕೊಂಡು ಬೇಲಿಯವರೆಗೂ ಹೋಗಿತ್ತು. ಬೇಲಿಯ ಆಚೆ ನಾಯಿ. ಅವ್ವ ಹೊಡೆಯಲಿಲ್ಲ. "ಬಾಣಂತಿ ಬಾಯಿಂದ ಒಂದು ತುತ್ತು ತೆಗ್ದುಬುಟ್ಟೆ ಕಣ್ಲಾ," ಅಂದಳು, ಅಷ್ಟೇ. ಹೊಡೆದಿದ್ದರೆ ಆವತ್ತೇ ಮರೆಯುತ್ತಿದ್ದೆ. ಅವತ್ತಿನಿಂದ ಏನು ಕಂಡರೂ ಎಣಿಸುವ ಚಾಳಿ ಬಂತು.

ಈಗಿನ ನಮ್ಮ ಮನೆ ಹೊಸೂರಿನಲ್ಲಿ, ರಾಯಕೋಟೆ ರಸ್ತೆಯ ಒಂದು ಬಡಾವಣೆಯಲ್ಲಿ. ಕೊಟ್ಟಿಗೆ ಇಲ್ಲ, ಕಲ್ಲುತೊಟ್ಟಿ ಇಲ್ಲ. ಇರುವುದು ಫ್ರಿಜ್ಜು. ಮೀನನ್ನು ಬರೀ ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರಿನಲ್ಲಿಟ್ಟರೆ ತಿಂಗಳೊಳಗೆ ಅಂಚು ಬೆಳ್ಳಗಾಗಿ, ಒಣಗಿ, ನಾರು ನಾರಾಗುತ್ತದೆ. ನಮ್ಮ ಕಂಪನಿಯಲ್ಲಿ ಹೊರದೇಶಕ್ಕೆ ಹೋಗುವ ಪಾರ್ಟುಗಳನ್ನು ತುಕ್ಕು ಹಿಡಿಯದ ಹಾಗೆ ಗಾಳಿ ಎಳೆದು ಪ್ಯಾಕ್ ಮಾಡುತ್ತಾರೆ. ಅದನ್ನೇ ನೋಡುತ್ತಾ ನಿಂತಿದ್ದವನಿಗೆ ಹೊಳೆಯಿತು. ಕಬ್ಬಿಣ ಕೆಡದಿದ್ದರೆ ಮೀನು ಕೆಡುತ್ತದೆಯೇ?

ಮನೆಯಲ್ಲೇ ಗಾಳಿ ಎಳೆದು ಸೀಲು ಹಾಕುವ ಮಿಷನ್ ಕೊಳ್ಳಲು ಅಂಗಡಿಗೆ ಹೋದದ್ದು ನಾನು ಮತ್ತು ಮುನಿರಾಜು. ಅವನು ನನ್ನ ಪಕ್ಕದ ಲೇಥಿನವನು, ಭಾನುವಾರ ಕೆರೆಗೂ ಜೊತೆ. ಅಂಗಡಿಯವನು ಮೂರು ಬಗೆ ಇಟ್ಟ. ಒಂದು ಪೆನ್ನಿನ ಡಬ್ಬಿಯಷ್ಟು ಪುಟ್ಟದು, ನೋಡಲು ಚಂದ. ಮುಚ್ಚಳ ತೆಗೆದು ರಬ್ಬರ್ ಒತ್ತಿ ನೋಡಿದೆ, ಒತ್ತಿದ ಕಡೆ ಹಾಗೇ ತಗ್ಗಾಗಿ ನಿಂತಿತು. ಅದನ್ನು ಆಚೆಗೆ ಸರಿಸಿದೆ. ಗಾಳಿ ಎಳೆಯುವ ಮಿಷನ್ನಿನ ಪ್ರಾಣ ಇರುವುದು ಆ ರಬ್ಬರಿನಲ್ಲಿ. ಇನ್ನೊಂದರ ಸೀಲು ಹಾಕುವ ಪಟ್ಟಿ ದಾರದಷ್ಟು ಸಣ್ಣ. ಮೀನಿನ ನೀರು ಒಂದು ಹನಿ ಅಂಟಿದರೂ ಬಾಯಿ ಬಿಟ್ಟುಕೊಳ್ಳುತ್ತದೆ. ಮೂರನೆಯದರ ಪಟ್ಟಿ ಅಗಲ, ಒದ್ದೆ ಪದಾರ್ಥಕ್ಕೆ ಬೇರೆ ಗುಂಡಿ, ಸೋರಿದ ನೀರು ಹಿಡಿಯಲು ತೆಗೆದು ತೊಳೆಯುವಂಥ ತಟ್ಟೆ. ಆನ್ ಮಾಡಿಸಿ, ಕಿವಿ ಕೊಟ್ಟು ಮೋಟಾರ್ ಕೇಳಿದೆ.

"ಏನ್ಲಾ, ಹೆಣ್ಣು ನೋಡಾಕೆ ಬಂದಂಗೆ ನೋಡ್ತೀಯಲ್ಲೋ! ಹಾಡು ಹೇಳ್ಸು ಒಂದು," ಅಂದ ಮುನಿರಾಜು.

ಅಂಗಡಿಯವನು ಮಿಷನ್ನಿನ ಜೊತೆ ಗೀರುಗೀರಿನ ದಪ್ಪ ಚೀಲಗಳನ್ನೂ ತೆಗೆದುಕೊಳ್ಳಿ ಅಂದ. ನನಗೆ ಅದು ವ್ಯಾಪಾರದ ಮಾತೆನಿಸಿತು. ಮನೆಯಲ್ಲಿದ್ದ ಮಾಮೂಲಿ ಕವರಿಗೇ ಮೀನು ಹಾಕಿ ಮಿಷನ್ ಒತ್ತಿದೆ. ಮೋಟಾರ್ ಮುಲುಗಿತು, ಕವರು ಕದಲಲಿಲ್ಲ. ನುಣುಪು ಕವರಿನ ಎರಡು ಮೈ ಒಂದಕ್ಕೊಂದು ಅಂಟಿಕೊಂಡರೆ ಗಾಳಿ ಹೊರಬರಲು ದಾರಿಯೇ ಇರುವುದಿಲ್ಲ, ಆ ಗೀರುಗಳೇ ದಾರಿ. ಇಷ್ಟು ಸಣ್ಣ ವಿಷಯ ಮೂವತ್ತು ವರ್ಷದ ಟರ್ನರಿಗೆ ಹೊಳೆಯಲಿಲ್ಲ. ಮರುದಿನ ಅದೇ ಅಂಗಡಿಗೆ ಹೋಗಿ, ಬೇರೆ ಯಾರಿಗೋ ಕೊಳ್ಳುವವನ ಹಾಗೆ ಆ ಚೀಲ ಕೊಂಡುತಂದೆ.

ಆಮೇಲೆ ಒಂದೊಂದೇ ಕಲಿತೆ. ಹಸಿ ಮೀನನ್ನು ಹಾಗೇ ಇಟ್ಟರೆ ಮಿಷನ್ ಅದರ ನೀರನ್ನೂ ಎಳೆದುಕೊಂಡು ಉಗುಳುತ್ತದೆ. ತೊಳೆದು, ಬಟ್ಟೆಯಲ್ಲಿ ಒರೆಸಿ, ತಟ್ಟೆಯಲ್ಲಿ ಹರಡಿ ಎರಡು ಗಂಟೆ ಫ್ರೀಜರಿನಲ್ಲಿ ಗಟ್ಟಿಮಾಡಿ, ಆಮೇಲೆ ಸೀಲು ಮಾಡಬೇಕು. ಜಿಲೇಬಿ ಮೀನಿನ ಬೆನ್ನಿನ ಮುಳ್ಳು ಚೀಲವನ್ನು ಚುಚ್ಚಿ ಹಾಕುತ್ತದೆ, ಕೊರಮೀನಿನ ರೆಕ್ಕೆ ಮೆದು, ಆ ಕಾಟವಿಲ್ಲ. ಸುಮಾಳ ಚೆಕಪ್ಪಿಗೆ ಹೋದಾಗ ಅಲ್ಲಿನ ನರ್ಸಮ್ಮನನ್ನೂ ಕೇಳಿದೆ. ಗಾಳಿ ಇಲ್ಲದ ಕಡೆಯೇ ಬೆಳೆಯುವ ಒಂದು ಜಾತಿ ಕ್ರಿಮಿ ಉಂಟು, ಹೊರಗೆ ತೆಗೆದಿಟ್ಟು ಕರಗಿಸಬೇಡಿ, ಚೀಲದ ಮೂಲೆ ಕತ್ತರಿಸಿ ಫ್ರಿಜ್ಜಿನ ಕೆಳಗಿನ ಅರೆಯಲ್ಲೇ ಕರಗಿಸಿ ಅಂದರು. ಆ ಕ್ರಿಮಿಯ ವಿಷಯ ಕೇಳಿದಂದಿನಿಂದ ನನ್ನ ಹೆದರಿಕೆಗೆ ಒಂದು ಹೊಸ ಕೋಣೆ ಕಟ್ಟಿಸಿದ ಹಾಗಾಯಿತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪ್ಯಾಕೆಟ್ಟುಗಳನ್ನು ತೆಗೆದು ಹಿಸುಕಿ ನೋಡುತ್ತಿದ್ದೆ, ಎಲ್ಲಿಯಾದರೂ ಗಾಳಿ ಹೊಕ್ಕಿದೆಯೇ ಎಂದು. ಗಾಳಿ ಕುಡಿದು ಬದುಕುವ ಮೀನನ್ನು ಗಾಳಿ ತೆಗೆದು ಕಾಯುವುದು ಎಂಥ ವಿಚಿತ್ರ! ಹೆರಿಗೆಗೆಂದು ಮನೆಗೆ ಬಂದಿದ್ದ ಸುಮಾ ನನ್ನನ್ನು ನೋಡಿ ನಗುತ್ತಿದ್ದಳು: "ಅಪ್ಪಾ, ಡಾಕ್ಟ್ರು ನನ್ನ ತಿಂಗಳಿಗೊಂದ್ ಸಲ ನೋಡ್ತಾರೆ. ನೀನು ಮೀನನ್ನ ದಿನಕ್ಕೆರಡು ಸಲ ನೋಡ್ತೀಯ."

ಹನ್ನೊಂದು ಪ್ಯಾಕೆಟ್ಟಾದವು. ಒಂದೊಂದರ ಮೇಲೂ ಆ ಮಾರ್ಕರಿನಲ್ಲಿ ತಾರೀಖು, ಅದರ ಕೆಳಗೆ ‘ಮೀನು’ ಎಂದು ಬರೆದೆ. ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮಿಷನ್ ಇದೆಯಲ್ಲ, ಕೈ ಸುಮ್ಮನಿರುವುದಿಲ್ಲ. ಕೊರಮೀನು ಕತ್ತರಿಸಿದಾಗ ಉಳಿಯುವ ಹೊಟ್ಟೆ, ಬಾಲದ ತುಂಡುಗಳನ್ನು ನಾನು ಎಂದೂ ಬಿಸಾಡುವುದಿಲ್ಲ. ಎರಡು ದಿನ ಬಿಸಿಲಿಗಿಟ್ಟು ಚೆನ್ನಾಗಿ ನಾತ ಬರಿಸಿದರೆ ಗಾಳಕ್ಕೆ ಅದಕ್ಕಿಂತ ಒಳ್ಳೆಯ ಎರೆ ಇಲ್ಲ. ಕೊರಮೀನು ತನ್ನ ಕುಲದ ಮಾಂಸವನ್ನೂ ಬಿಡುವುದಿಲ್ಲ. ಆ ಎರೆಯ ವಾಸನೆಗೆ ಜಯಮ್ಮನದು ಇಪ್ಪತ್ತೈದು ವರ್ಷದಿಂದ ಜಗಳ. ಸೀಲು ಮಾಡಿದರೆ ವಾಸನೆಯೇ ಇಲ್ಲ! ಮೂರು ಪ್ಯಾಕೆಟ್ ಎರೆ ಮಾಡಿ, ಅದರ ಮೇಲೂ ತಾರೀಖು ಹಾಕಿ, ‘ಎರೆ’ ಎಂದು ದಪ್ಪಗೆ ಬರೆದು, ಫ್ರೀಜರಿನ ಒಂದು ಮೂಲೆಗೆ ತಳ್ಳಿದೆ.

ಜಯಮ್ಮ ಕಣ್ಣು ಬಿಟ್ಟಳು. "ಬಾಣಂತಿ ಮೀನಿನ ಪಕ್ಕದಾಗೆ ಆ ಹೊಲಸಾ?"

"ಬರ್ದಿಲ್ವಾ ಮೇಲೆ? ಓದ್ಕೊಂಡು ತಕ್ಕೊಂಡ್ರಾಯ್ತು."

ಬರೆದದ್ದು ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಕನ್ನಡ ಓದುವುದು ನನಗೆ ಮತ್ತು ಜಯಮ್ಮನಿಗೆ ಮಾತ್ರ ಬರುತ್ತದೆ. ಸುಮಾ ಓದಿದ್ದೆಲ್ಲ ತಮಿಳು, ಇಂಗ್ಲಿಷು. ಆಗ ಅದು ನನ್ನ ತಲೆಗೆ ಬರಲಿಲ್ಲ. ನನ್ನ ಅಕ್ಷರ ಗುಂಡಗಿವೆ ಎಂಬುದೊಂದೇ ತಲೆಯಲ್ಲಿತ್ತು.

ಡಾಕ್ಟರು ಹೇಳಿದ್ದಕ್ಕಿಂತ ಎರಡು ದಿನ ಮುಂಚೆ ಹೆರಿಗೆಯಾಯಿತು. ಹೆಣ್ಣುಮಗು, ಎರಡೂವರೆ ಕೇಜಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮಗುವಿನ ಬೆರಳು ಎಣಿಸಿದೆ, ಕೈಯದು ಹತ್ತು, ಕಾಲಿನದು ಹತ್ತು. ಮತ್ತೊಮ್ಮೆ ಎಣಿಸಲು ನರ್ಸಮ್ಮ ಬಿಡಲಿಲ್ಲ.

ಒಂಬತ್ತನೇ ದಿನಕ್ಕೆ ಬೀಗಿತ್ತಿ ಬಂದರು. ನನ್ನ ಅಳಿಯನ ತಾಯಿ, ಚಿನ್ನಮ್ಮ, ಕೃಷ್ಣಗಿರಿ ಕಡೆಯವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ಐದನೇ ಕ್ಲಾಸಿನವರೆಗೆ ತಮಿಳಿನಲ್ಲಿ ಓದಿದ್ದಾರೆ. ಜಯಮ್ಮನಿಗೆ ಮಂಡಿನೋವು, ಅದಕ್ಕೇ ಒಂದು ತಿಂಗಳು ಇದ್ದು ಬಾಣಂತನಕ್ಕೆ ಕೈಜೋಡಿಸಲು ಬಂದಿದ್ದರು. ಕೆಲಸದಲ್ಲಿ ಚುರುಕು, ಮಾತು ಕಡಿಮೆ, ಒಳ್ಳೆಯ ಹೆಂಗಸು.

ಹನ್ನೊಂದನೇ ದಿನ ನಾನು ರಜಾ ಹಾಕಿ, ಹಿಂದಿನ ಸಂಜೆಯೇ ಒಂದು ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಕೆಳಗಿನ ಅರೆಯಲ್ಲಿಟ್ಟಿದ್ದೆ. ಪೂಜೆಯ ಸಾಮಾನಿನಂತೆ ಎರಡು ಕೈಯಲ್ಲಿ ತಂದು ಅಡಿಗೆಮನೆಯಲ್ಲಿ ಇಟ್ಟೆ. ಮೀನು ನಿನ್ನೆ ಹಿಡಿದಂತೆ ಮಿರಮಿರ ಮಿಂಚುತ್ತಿತ್ತು. ಚಿನ್ನಮ್ಮ ಬಗ್ಗಿ ನೋಡಿದರು.

"ಅಣ್ಣಾ, ಇದು ಐಸ್ ಮೀನು ತಾನೇ? ಬಾಣಂತಿಗೆ ಆಗ್ತದಾ?"

ಕೇಳಿದ್ದು ಅಷ್ಟೇ. ಅದರಲ್ಲಿ ಚುಚ್ಚು ಇರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಆಗ ನನಗೆ ಕಿಸಕ್ಕೆಂದು ನಕ್ಕ ಹಾಗೆ ಕೇಳಿಸಿತು.

"ಐಸ್ ಮೀನಾ? ನಮ್ ಕೆರೆದು ಇದು. ನಾನೇ ಹಿಡಿದು, ನಾನೇ ಕೊಯ್ದು, ನಾನೇ ಸೀಲ್ ಮಾಡಿದ್ದು. ಇಷ್ಟು ಸುದ್ದವಾದ ಮೀನು ನಿಮ್ ಕೃಷ್ಣಗಿರಿ ಡ್ಯಾಮಿನಾಗೂ ಸಿಕ್ಕಾಕಿಲ್ಲ. ಬ್ಯಾಡಾಂದ್ರೆ ಹೇಳ್ಬುಡಿ, ತಿಪ್ಪೆಗೆ ಸುರಿದು ಬತ್ತೀನಿ!"

"ಅಯ್ಯೋ ಇಲ್ಲಣ್ಣಾ, ಸುಮ್ನೆ ಕೇಳ್ದೆ…"

ಅವತ್ತು ಸಾರು ಆಯಿತು, ಸುಮಾ ಉಂಡಳು, ಚೆನ್ನಾಗಿದೆ ಅಂದಳು. ನಾನು ಮಾತ್ರ ಉಣ್ಣಲಿಲ್ಲ. ಜಗಲಿಯ ಮೇಲೆ ಕೂತು, ಹಸಿವಾದರೂ ಒಳಗೆ ಹೋಗದೆ, ಮೂರು ಗಂಟೆಯವರೆಗೆ ಹಳೇ ಪೇಪರು ಓದಿದೆ. ಅದಾದ ಮೇಲೆ ಚಿನ್ನಮ್ಮ ಆ ಮೀನಿನ ವಿಷಯ ಎತ್ತಲಿಲ್ಲ. ನಾನು ಪ್ಯಾಕೆಟ್ ತಂದಿಟ್ಟರೆ, ನೋಡುವ ಮೊದಲೇ, "ಚೆನ್ನಾಗೈತೆ ಅಣ್ಣಾ," ಅನ್ನುತ್ತಿದ್ದರು. ಬೀಗಿತ್ತಿಗೆ ಬುದ್ಧಿ ಬಂತು ಎಂದು ಒಳಗೊಳಗೇ ಸಂತೋಷಪಟ್ಟೆ.

ಮುಂದಿನ ಭಾನುವಾರ ಮುನಿರಾಜು ಬಿಡಲಿಲ್ಲ, ಕೆರೆ ಒಣಗಿದ್ದರಿಂದ ಎರೆಯ ಎರಡು ಪ್ಯಾಕೆಟ್ ತೆಗೆದುಕೊಂಡು ಹೊಸೂರಿನ ಹತ್ತಿರದ ಡ್ಯಾಮಿನ ಕಡೆ ಹೋದೆವು. ಒಂದು ಮುಗಿಯಿತು. ಇನ್ನೊಂದು ಇಡೀ ದಿನ ಬಿಸಿಲಲ್ಲಿ ನನ್ನ ಬ್ಯಾಗಿನಲ್ಲೇ ಇತ್ತು. ಬಿಸಾಡಲು ಮನಸ್ಸಾಗಲಿಲ್ಲ. ಮನೆಗೆ ಬಂದವನು ಕೈಕಾಲು ತೊಳೆಯುವ ಅವಸರದಲ್ಲಿ ಅದನ್ನು ಫ್ರೀಜರಿನೊಳಕ್ಕೆ ತುರುಕಿದೆ. ಎಲ್ಲಿ ತುರುಕಿದೆ ಎಂಬುದು ನೆನಪಾದದ್ದು ಮಂಗಳವಾರ.

ಮಂಗಳವಾರ ನನಗೆ ಮೊದಲನೇ ಶಿಫ್ಟು. ಜಯಮ್ಮ ಬೆಳಿಗ್ಗೆಯೇ ರಾಯಕೋಟೆಯಲ್ಲಿರುವ ತನ್ನ ತಮ್ಮನ ಮನೆಗೆ ಹೋಗಿದ್ದಳು. ನಾನು ಮೀನು ತೆಗೆದಿಟ್ಟಿರಲಿಲ್ಲ, ಅವತ್ತು ಮೀನಿನ ದಿನವಲ್ಲ. ಹತ್ತು ಗಂಟೆಗೆ ಟೀ ಬಿಟ್ಟಾಗ ಲಾಕರಿನಿಂದ ಫೋನ್ ತೆಗೆದರೆ ಚಿನ್ನಮ್ಮನ ಮೂರು ಮಿಸ್ಡ್ ಕಾಲು. ಟೀ ಲೋಟ ಹಿಡಿದುಕೊಂಡೇ ವಾಪಸ್ಸು ಮಾಡಿದೆ.

"ಏನಿಲ್ಲ ಅಣ್ಣಾ. ಸುಮಾ ಮೀನ್ಸಾರು ಬೇಕು ಅಂತಾವ್ಳೆ. ಕೇಳೋಣಾಂತ ಮಾಡ್ದೆ, ನೀವು ತೆಗೀಲಿಲ್ಲ. ಅದ್ಕೆ ನಾನೇ ಒಂದು ಪಾಕೆಟ್ ತಕ್ಕೊಂಡೆ."

"ಯಾವ್ದು ತಕ್ಕೊಂಡ್ರಿ?"

"ಮೇಲ್ಗಡೆ ಇತ್ತಲ್ಲ, ಅದು."

ಟೀ ಲೋಟ ಕೆಳಗಿಟ್ಟೆ. "ಅದ್ರ ಮ್ಯಾಲೆ ಏನ್ ಬರ್ದೈತೆ ನೋಡಿ."

"ಏನೋ ಬರ್ದೈತೆ. ನಂಗೆ ಕನ್ನಡ ಎಲ್ಲಿ ಓದಾಕ್ ಬತ್ತದೆ ಅಣ್ಣಾ? ಎರಡು ಅಕ್ಷರ ಐತೆ."

ಮೀನು ಎಂದರೂ ಎರಡು ಅಕ್ಷರ, ಎರೆ ಎಂದರೂ ಎರಡು ಅಕ್ಷರ.

"ವಾಸನೆ? ವಾಸನೆ ನೋಡಿದ್ರಾ?"

ಆ ಕಡೆ ಒಂದು ಗಳಿಗೆ ಮಾತಿಲ್ಲ. ಕುಕ್ಕರಿನ ಸದ್ದು ಕೇಳುತ್ತಿತ್ತು. ಆಮೇಲೆ ಮೆತ್ತಗೆ, "ಚೆನ್ನಾಗೈತೆ ಅಣ್ಣಾ. ಏನೂ ಇಲ್ಲ. ಒಲೆ ಮ್ಯಾಲೆ ಐತೆ, ಬತ್ತೀನಿ," ಎಂದು ಇಟ್ಟುಬಿಟ್ಟರು.

ಆ ಒಂದು ಗಳಿಗೆಯ ಮೌನ ನನಗೆ ಎಲ್ಲವನ್ನೂ ಹೇಳಿತು. ಕೊಳೆತದ್ದು ಆಕೆಗೆ ಗೊತ್ತಾಗಿದೆ. ಗೊತ್ತಾಗಿಯೂ ಚೆನ್ನಾಗಿದೆ ಅನ್ನುತ್ತಿದ್ದಾರೆ. ಹೆಣ್ಣಿನ ತಂದೆ ಎದೆ ತಟ್ಟಿಕೊಂಡು ಕೊಟ್ಟ ಮೀನನ್ನು ಕೆಟ್ಟಿದೆ ಎಂದು ಹೇಗೆ ಹೇಳುತ್ತಾರೆ? ಒಂದು ಸಲ ಬಾಯಿಬಿಟ್ಟದ್ದಕ್ಕೆ ಬೀಗ ಮೂರು ಗಂಟೆಯವರೆಗೆ ಉಪವಾಸ ಕೂತಿದ್ದ. ಆ ಬಾಯಿಗೆ ಸೀಲು ಹಾಕಿದವನು ನಾನೇ. ಮಿಷನ್ ಬೇಕಾಗಿರಲಿಲ್ಲ.

ಮತ್ತೆ ಮಾಡಿದೆ, ತೆಗೆಯಲಿಲ್ಲ. ಸುಮಾಳದಕ್ಕೆ ಮಾಡಿದೆ, ಮಗು ಏಳುತ್ತದೆಂದು ಆಕೆ ಸೈಲೆಂಟ್ ಮಾಡಿಟ್ಟಿರುತ್ತಾಳೆ. ಪಕ್ಕದ ಮನೆಯವರ ನಂಬರು ಒಂದು ಕಾಲದಲ್ಲಿ ಇತ್ತು. ಅವರ ನಾಯಿಯ ವಿಷಯಕ್ಕೆ ಜಗಳವಾದಾಗ, ಇನ್ನು ಈ ಜನ್ಮದಲ್ಲಿ ಬೇಡವೆಂದು ಅಳಿಸಿದ್ದೆ.

ಗೇಟ್ ಪಾಸು ಬರೆಸಿಕೊಳ್ಳುತ್ತಿದ್ದಾಗ ಮುನಿರಾಜು ಓಡಿಬಂದ. "ಏನಾಯ್ತ್ಲಾ? ಮೊಕ ಎಲ್ಲಾ ಬೆಳ್ಳಗಾಗೋಗೈತೆ!"

"ಎರೆ ಕಣ್ಲಾ. ಎರೆ ಸಾರಾಗ್ಬುಟ್ಟೈತೆ."

ಜೂಜುವಾಡಿಯಿಂದ ನಮ್ಮ ಮನೆಗೆ ಬೇರೆ ದಿನ ಇಪ್ಪತ್ತೈದು ನಿಮಿಷ. ಅವತ್ತು ಲಾರಿಗಳು ಒಂದರ ಹಿಂದೆ ಒಂದು ಅಂಟಿಕೊಂಡು ನಿಂತಿದ್ದವು, ಗಾಳಿ ಹೋಗಲೂ ಸಂದಿಯಿಲ್ಲ. ಗಾಡಿಯನ್ನು ಫುಟ್‌ಪಾತ್ ಮೇಲೆ ಹತ್ತಿಸಿದೆ, ಒಬ್ಬ ಹೂವಿನವಳ ಕೈಲಿ ಬೈಸಿಕೊಂಡೆ. ಬಸ್‌ಸ್ಟ್ಯಾಂಡ್ ಹತ್ತಿರ ಸಿಗ್ನಲ್ ಬಿತ್ತು. ನಿಂತಲ್ಲೇ ಲೆಕ್ಕ ಹಾಕಿದೆ. ಹತ್ತೂಕಾಲಿಗೆ ಒಲೆ ಮೇಲೆ. ಮೀನು ಬೇಯಲು ಎಷ್ಟು ಹೊತ್ತು? ಬಾಣಂತಿಗೆ ಊಟ ಹನ್ನೊಂದಕ್ಕೇ. ಬೆಂದರೆ ಕ್ರಿಮಿ ಸಾಯುತ್ತದೆ, ಅದು ಬಿಟ್ಟುಹೋದ ವಿಷ? ನರ್ಸಮ್ಮನನ್ನು ಅದೊಂದು ಕೇಳಿರಲಿಲ್ಲ. ಮಗಳಿಗಾದರೆ ಮಗಳಿಗೆ ಮಾತ್ರವೇ? ಆ ಎದೆಹಾಲು ಕುಡಿಯುವ ಮಗು? ಬೇಲಿಯವರೆಗೂ ಧೂಳಿನಲ್ಲಿ ಎಳೆದಿದ್ದ ಆ ಒದ್ದೆ ಗೆರೆ ಕಣ್ಣ ಮುಂದೆ ಬಂತು. ಐದನ್ನು ಎಣಿಸಲು ಬಿಟ್ಟರೆ ನಾಲ್ಕು ಮಾಡಿದವನು. ಅವ್ವ ಬಾಯಿಂದ ಒಂದು ತುತ್ತು ತೆಗೆದೆ ಅಂದಿದ್ದಳು. ಈಗ ಬಾಯಿಗೇ ಇಡುತ್ತಿದ್ದೇನೆ.

ಮನೆಯ ಮುಂದೆ ಗಾಡಿಗೆ ಸ್ಟ್ಯಾಂಡ್ ಹಾಕಿದೆನೋ ಇಲ್ಲವೋ, ಹಿಂದೆ ಅದು ಬಿದ್ದ ಸದ್ದು ಕೇಳಿತು. ಬಾಗಿಲಲ್ಲೇ ಬೆಳ್ಳುಳ್ಳಿ, ಮೆಣಸಿನ ಘಮ. ನಡುಮನೆಯಲ್ಲಿ ಸುಮಾ ತಟ್ಟೆಯ ಮುಂದೆ ಕೂತಿದ್ದಳು. ತಟ್ಟೆ ಖಾಲಿ. ಬೆರಳು ನೆಕ್ಕುತ್ತಿದ್ದಳು.

"ಏನಪ್ಪಾ ಇಷ್ಟು ಬೇಗ? ಬಾ, ಸಾರು ಸಕತ್ತಾಗೈತೆ ಇವತ್ತು. ಏನೇ ಹೇಳು, ನಮ್ ಕೆರೆ ಮೀನೇ ಮೀನು."

ಕಾಲಿನ ಶೂ ಬಿಚ್ಚಲಿಲ್ಲ. ಹಾಗೇ ಅಡಿಗೆಮನೆಗೆ ಹೋದೆ. ಚಿನ್ನಮ್ಮ ನೆಲದ ಮೇಲೆ ಕೂತಿದ್ದರು. ಒಲೆಯ ಹತ್ತಿರ ಎರಡು ಪಾತ್ರೆ, ಒಂದು ಸಣ್ಣದು, ಒಂದು ದೊಡ್ಡದು. ಅವರ ಮುಂದೆ ತಟ್ಟೆಯಲ್ಲಿ ಮುದ್ದೆ, ಮುದ್ದೆಯ ಸುತ್ತ ದೊಡ್ಡ ಪಾತ್ರೆಯ ಸಾರು. ಆ ಸಾರಿನಿಂದ ಬೆಳ್ಳುಳ್ಳಿಯನ್ನೂ ಮೀರಿ ಬರುತ್ತಿದ್ದ ನಾತ ನನಗೆ ಚೆನ್ನಾಗಿ ಪರಿಚಯದ್ದು. ತುತ್ತು ಮುರಿದು ಕೈಯಲ್ಲಿ ಹಿಡಿದಿದ್ದರು, ಬಾಯಿಗೆ ಇಟ್ಟಿರಲಿಲ್ಲ.

ತಟ್ಟೆಯನ್ನು ಕಾಲಲ್ಲಿ ಒದ್ದೆನೋ ಕೈಯಲ್ಲಿ ಕಿತ್ತೆನೋ, ನೆನಪಿಲ್ಲ. ಮುದ್ದೆ ಉರುಳಿ ಸಿಂಕಿನ ಕೆಳಗೆ ಹೋಯಿತು.

"ಸುಮಾಗೆ ಇದೇ ಹಾಕಿದ್ರಾ?"

"ಇಲ್ಲಣ್ಣಾ! ಅಯ್ಯಯ್ಯೋ, ಇಲ್ಲ!" ಚಿನ್ನಮ್ಮ ಎದ್ದು ನಿಂತರು. ಸಣ್ಣ ಪಾತ್ರೆಯ ಕಡೆ ಕೈ ತೋರಿಸಿ, ನಡುಮನೆಗೆ ಕೇಳದ ಹಾಗೆ ಹೇಳಿದರು. "ಅವ್ಳಿಗೆ ಹಾಕಿದ್ದು ಇದು. ಬೀದಿನಾಗೆ ಮೀನು ಮಾರೋಳು ಬಂದಿದ್ಲು, ಜೀವ ಇರೋ ಕೊರಮೀನು ಒಂದು ತಕ್ಕೊಂಡೆ. ನಿಮ್ದು… ನಿಮ್ದು ಸ್ವಲ್ಪ ವಾಸನೆ ಇತ್ತು ಅಣ್ಣಾ."

"ಮತ್ತೆ ಇದನ್ನ ಯಾಕೆ ಬೇಯ್ಸಿದ್ರಿ? ಯಾಕೆ ತಿನ್ನಾಕೆ ಕೂತ್ರಿ?"

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. "ಬಿಸಾಕಿದ್ರೆ ನೀವು ಪಾಕೆಟ್ ಎಣಿಸ್ತೀರ. ಕಸದ ಬುಟ್ಟೀನೂ ನೋಡ್ತೀರ. ಮನೆಯೋರು ಮಗಳಿಗೆ ಅಂತ ಮೂರು ತಿಂಗ್ಳಿಂದ ಕಾಪಾಡಿರೋ ಮೀನು, ನಾನು ಚರಂಡಿಗೆ ಹಾಕಿದ್ರೆ ನಿಮ್ಗೆ ಹೆಂಗಿರ್ತದೆ? ನಾನು ತಿಂದ್ಬುಟ್ರೆ ಆಯ್ತು ಅಂದ್ಕೊಂಡೆ. ಪರ್ವಾಯಿಲ್ಲೆ, ನಂಗೇನಾಗ್ತದೆ."

ನಾನು ಅಲ್ಲೇ ಅಕ್ಕಿ ಡಬ್ಬದ ಮೇಲೆ ಕೂತೆ.

"ಅಕ್ಕಾ, ಅದು ಮೀನಿನ ಪಾಕೆಟ್ಟಲ್ಲ. ಗಾಳಕ್ಕೆ ಹಾಕೋ ಎರೆ."

"ಎರೆಯಾ?"

"ಮೂರು ದಿನ ಬಿಸ್ಲು ಕಂಡಿರೋ ಎರೆ. ನಾನೇ ಮೇಲ್ಗಡೆ ಇಟ್ಟಿದ್ದು."

ಚಿನ್ನಮ್ಮ ದೊಡ್ಡ ಪಾತ್ರೆಯೊಳಗೆ ನೋಡಿದರು, ನನ್ನನ್ನು ನೋಡಿದರು. ಮೊದಲು ಭುಜ ಅಲುಗಿತು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, "ಅದ್ಕೇ ಅಣ್ಣಾ, ಎರಡು ಈರುಳ್ಳಿ ಜಾಸ್ತಿ ಹಾಕಿದ್ರೂ ಕೇಳ್ಲಿಲ್ಲ!" ಅಂದರು. ನಾನೂ ನಕ್ಕೆ ಎಂದು ಬರೆಯಬೇಕೆನಿಸುತ್ತದೆ, ಆದರೆ ಅವತ್ತು ನನ್ನಿಂದಾಗಲಿಲ್ಲ. ಒಂದು ಲೋಟ ನೀರು ಕೊಟ್ಟರು, ಕುಡಿದೆ.

"ಏನತ್ತೆ ನಗು?" ಎಂದು ಸುಮಾ ಕೂಗಿದಳು.

"ಏನಿಲ್ಲಮ್ಮಾ. ನಿಮ್ಮಪ್ಪ ಮುದ್ದೆ ಬೀಳಿಸ್ಬುಟ್ರು," ಅಂದರು ಚಿನ್ನಮ್ಮ.

ಸಾರನ್ನು ಹಿತ್ತಲಿನಲ್ಲಿ ಗುಂಡಿ ತೆಗೆದು ಹುಗಿದೆ. ಪಕ್ಕದ ಮನೆಯ ನಾಯಿ ಗೋಡೆಯ ಮೇಲಿಂದ ಮೂಗೆತ್ತಿ ನೋಡುತ್ತಿತ್ತು. ಅದು ತೋಡಿ ತಿಂದೀತೆಂದು ಹೆದರಿ, ಮೇಲೆ ಎರಡು ಸೈಜುಗಲ್ಲು ಹೇರಿದೆ. ಜಗಳವಾಡಿದ ಮನೆಯ ನಾಯಿಯಾದರೂ ನಾಯಿಯೇ. ಉಳಿದಿದ್ದ ಒಂದು ಪ್ಯಾಕೆಟ್ ಎರೆಯನ್ನೂ ಅದರ ಜೊತೆಗೇ ಮುಚ್ಚಿದೆ.

ಅವತ್ತು ಸಂಜೆ ಉಳಿದ ಮೀನಿನ ಪ್ಯಾಕೆಟ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಮಾರ್ಕರನ್ನು ಚಿನ್ನಮ್ಮನ ಕೈಗೆ ಕೊಟ್ಟೆ. "ಮೀನು ಅಂತ ತಮಿಳಿನಾಗೆ ಬರೀರಿ ಅಕ್ಕಾ," ಅಂದೆ. ಅವರು ಮೊದಲನೆಯದರ ಮೇಲೆ ಬರೆದು, ಪೆನ್ನನ್ನು ನನಗೇ ವಾಪಸ್ಸು ಕೊಟ್ಟರು. "ಎರಡೇ ಅಕ್ಷರ ಅಣ್ಣಾ. ನೀವೇ ಬರೀರಿ." ಎದುರಿಗೆ ಸುಮಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತಿದ್ದಳು. ಹಿತ್ತಲಿನಲ್ಲಿ ಹುಣಸೇಮರವೂ ಇರಲಿಲ್ಲ. ಬರೆದೆ. ಎರಡನೇ ಅಕ್ಷರದ ಮೇಲೆ ಚುಕ್ಕೆ ಮರೆತೆ. "ಚುಕ್ಕೆ, ಚುಕ್ಕೆ," ಅಂದರು ಬೀಗಿತ್ತಿ. ಯಾರೂ ಕಿಸಕ್ಕೆನ್ನಲಿಲ್ಲ.

ತಾನು ಅವತ್ತು ತಿಂದದ್ದು ಬೀದಿಯ ಮೀನೆಂದು ಸುಮಾಳಿಗೆ ಇನ್ನೂ ಗೊತ್ತಿಲ್ಲ. ಆ ಸಾರಿನ ಮಾತು ಬಂದಾಗಲೆಲ್ಲ ನಮ್ಮ ಕೆರೆಯನ್ನು ಹೊಗಳುತ್ತಾಳೆ. ಚಿನ್ನಮ್ಮ ನನ್ನ ಮುಖ ನೋಡುತ್ತಾರೆ, ನಾನು ಗೋಡೆ ನೋಡುತ್ತೇನೆ.

ಒಣಗಿದ ಮಾರ್ಕರನ್ನು ಬಿಸಾಡಿದೆ, ಹೊಸದು ತರಬೇಕು. ಫ್ರೀಜರ್ ತೆಗೆದು ಎಣಿಸಿದ್ದೂ ಆಯಿತು. ಈಗ ನನ್ನ ಹತ್ತಿರ ಇರುವುದು: ಮಿಷನ್ ಒಂದು, ಗೀರಿನ ಚೀಲ ಹದಿನಾಲ್ಕು, ಮೀನಿನ ಪ್ಯಾಕೆಟ್ ಎರಡು, ಎರೆ ಇಲ್ಲ, ತಮಿಳು ಅಕ್ಷರ ಎರಡು, ಮಗಳು ಒಬ್ಬಳು, ಮೊಮ್ಮಗಳು ಒಬ್ಬಳು.